ಏಳು ರಾಗಿಕಾಳು

ಜುಲೈ ೯, ಬುಧವಾರ. ಅಮೃತೂರು.

ಇಂಪನಾಳ ಉತ್ತರಪತ್ರಿಕೆಯ ಮೇಲೆ ನಾನೇ ಎಳೆದ ಕೆಂಪು ಗೆರೆ ಕಣ್ಣಿಂದ ಹೋಗುತ್ತಿಲ್ಲ.

ನೈಟ್ರೋಜನ್ ಪರಮಾಣು ತೋರಿಸಲು ಇವತ್ತು ಬಿಸಿಯೂಟದ ಅಡುಗೆಮನೆಯಿಂದ ಕಾಳು ತರಿಸಿದ್ದೆ. ಧನ ಚಾರ್ಜಿನ ಪ್ರೋಟಾನಿಗೆ ಏಳು ಅವರೆ, ಋಣ ಚಾರ್ಜಿನ ಎಲೆಕ್ಟ್ರಾನಿಗೆ ಏಳು ರಾಗಿ, ಚಾರ್ಜೇ ಇಲ್ಲದ ನ್ಯೂಟ್ರಾನಿಗೆ ಏಳು ಹುರುಳಿ. ಮೂರು ರಾಗಿ ಹೆಚ್ಚಿಗೆ ಇಟ್ಟರೆ ಮೈನಸ್ ಮೂರರ ಅಯಾನು. ಅಲ್ಲಿಗೆ ಸರಿಯಿತ್ತು. ಅವನ್ನು ತೆಗೆದು, ಒಂದು ಹುರುಳಿ ಸೇರಿಸಿ, "ಇದು ನೈಟ್ರೋಜನ್ ಹದಿನೈದು, ಚಾರ್ಜು ಪ್ಲಸ್ ಒಂದು" ಎಂದುಬಿಟ್ಟೆ. ಹೋದ ವಾರದ ಟೆಸ್ಟಿನಲ್ಲಿ ಇದರದೇ ಚಾರ್ಜು ಕೇಳಿದ್ದಾಗ ಸೊನ್ನೆ ಎಂದು ಬರೆದ ಇಂಪನಾಳ ಅಂಕ ಕಳೆದದ್ದೂ ಇದೇ ಭ್ರಮೆಯಲ್ಲಿ.

ಕಾಳು ವಾಪಸು ಒಯ್ಯಲು ಬಾಗಿಲಲ್ಲಿ ನಿಂತಿದ್ದ ಅಡುಗೆಯ ಮರಿಯಮ್ಮ, "ಹುರುಳಿಗೆ ಚಾರ್ಜೇ ಇಲ್ಲ ಅಂದ್ರಲ್ಲಾ ಮೇಡಮ್ಮೋರೇ? ತೂಕ ತಾನೇ ಹೆಚ್ಬೇಕು?" ಅಂದರು.

ಇಂಪನಾ ನಗಲಿಲ್ಲ, ತಲೆ ತಗ್ಗಿಸಿದಳು.

ಈಗ ಕಿಟಕಿಯಿಂದ ಗಾಳಿ ಬರುತ್ತಿದೆ, ಮುಕ್ಕಾಲಿಗೂ ಹೆಚ್ಚು ನೈಟ್ರೋಜನ್ನೇ. ಸುಮಾರು ಇನ್ನೂರೆಪ್ಪತ್ತು ಪರಮಾಣುಗಳಲ್ಲಿ ಒಂದು ಆ ಹೆಚ್ಚುವರಿ ಹುರುಳಿ ಹೊತ್ತುಕೊಂಡೇ ನನ್ನ ಎದೆಯೊಳಗೆ ಹೋಗಿಬರುತ್ತದೆ. ಆದರೂ ಏಳಕ್ಕೆ ಏಳು. ಒಂದು ರಾಗಿಕಾಳಿನಷ್ಟೂ ವ್ಯತ್ಯಾಸವಿಲ್ಲ. ಅಬ್ಬಾ! ಅದನ್ನೇ ಉಸಿರಾಡುತ್ತಾ ಅದರ ಬಗ್ಗೆಯೇ ತಪ್ಪು ಹೇಳಿದೆನಲ್ಲ.

ನಾಳೆ ಎಲ್ಲರೆದುರೇ ಇಂಪನಾಳಿಂದ ಆ ಪೇಪರು ಕೇಳಿ ತೆಗೆದುಕೊಳ್ಳಬೇಕು. ಆ ಸೊನ್ನೆಗೆ ಪೂರ್ತಿ ಅಂಕ.