ಬಲಕ್ಕೆ ಇಳಿದ ಕಚ್ಚು

ಮಾರ್ಚ್ 4, ಬೆಳಗ್ಗೆ 6
ಉಳಿ ಮಸೆದೆ. ಡಬ್ಬಿ ತೊಳೆದೆ. ಸ್ಟೇ ಸಿಕ್ಕಿ ಮೂರು ವಾರ. ರಾಳ ತೆಗೆಯುವವರು ಮರ ಸಾಯಿಸುತ್ತಾರೆ, ಇನ್ನು ಯಾರೂ ಕೆತ್ತಬಾರದು ಎಂದು ಸರ್ಕಾರದ ಆದೇಶ. ಅದರ ಮೇಲೆ ನಮ್ಮ ಸಂಘದ ಕೇಸು. ಮೊದಲ ಅರ್ಜಿದಾರಳು ನಾನು. ‘ಉಗುರಿನುದ್ದಕ್ಕಿಂತ ಆಳವಾಗಿ ಯಾವ ಮರವನ್ನೂ ಕೆತ್ತಿಲ್ಲ’ — ಅಫಿಡವಿಟ್‌ಗೆ ಸಹಿ ಹಾಕಿದ್ದೂ ನಾನೇ. ಅವತ್ತು ಏನು ಜಂಬ!

ಮಾರ್ಚ್ 5
ವಕೀಲರ ಫೋನ್. ಹನ್ನೆರಡನೇ ತಾರೀಕು ಕೋರ್ಟ್ ಕಮಿಷನರ್ ಬಂದು ಮರ ನೋಡುತ್ತಾರಂತೆ. “ನೋಡ್ಲಿ ಬಿಡಿ ಸಾರ್, ಕಣ್ತುಂಬಾ ನೋಡ್ಲಿ” ಎಂದೆ.

ಮಾರ್ಚ್ 7
ಮೊದಲೇ ಒಂದು ಸುತ್ತು ಹಾಕಿದೆ. ಗುಡ್ಡದ ಹಿಂದೆ ಒಂಬತ್ತು ಮರ... ತುದಿಯೆಲ್ಲ ಕೆಂಪಾಗಿ ಒಣಗಿವೆ. ಉಳಿ ಕೆತ್ತಿದ ಕಚ್ಚಿಗೆ ಬೆರಳಿಟ್ಟರೆ ಬೆರಳಿನ ಬುಡದ ಗೆಣ್ಣಿನವರೆಗೂ ಒಳಗೆ ಹೋಯಿತು. ನಮ್ಮೆಲ್ಲರ ಕಚ್ಚು ಎಡಕ್ಕೆ ಇಳಿಯುತ್ತದೆ. ಇವು ಬಲಕ್ಕೆ. ಎಡಚರ ಕೆಲಸ. ಸಂಘದ ನಲವತ್ತು ಜನರಲ್ಲಿ ಎಡಚಿ ಒಬ್ಬಳೇ. ನನಗೆ ಉಳಿ ಹಿಡಿಯಲು ಕಲಿಸಿದವಳು. ಅಕ್ಕ.

ಮಾರ್ಚ್ 8
ಕೇಳಿಯೇಬಿಟ್ಟೆ. ಬಟ್ಟೆ ಒಗೆಯುತ್ತಿದ್ದಳು. ತಲೆ ಎತ್ತಲಿಲ್ಲ.
“ಆದೇಶ ಬರುತ್ತೆ ಅಂತ ಸುದ್ದಿ ಎದ್ದಾಗ ಕೆತ್ತಿದ್ದು. ಹೇಗೂ ಕಿತ್ಕೋತಾರೆ, ಇದ್ದಷ್ಟು ಬಸಿದ್ಕೊಳ್ಳೋಣ ಅನ್ನಿಸ್ತು. ನೀನು ಕೇಸ್ ಹಾಕಿ ಸ್ಟೇ ತರ್ತೀಯ ಅಂತ ನಂಗೇನೇ ಗೊತ್ತಿತ್ತು?”
ಬೈಯಬೇಕಿತ್ತು. ಸೀರೆಯ ಇನ್ನೊಂದು ತುದಿ ಹಿಡಿದು ಹಿಂಡಿಸಿದೆ.

ಮಾರ್ಚ್ 12, ಸಂಜೆ
ಕಮಿಷನರ್ ಒಳ್ಳೆಯ ಮನುಷ್ಯ — ಅದೇ ಕಷ್ಟ. ಒಂಬತ್ತೂ ಮರ ಅಳೆದರು. ಕಚ್ಚು ಬಲಕ್ಕೆ ಇಳಿದದ್ದು ಅವರ ಕಣ್ಣಿಗೂ ಬಿತ್ತು. “ನಿಮ್ಮಲ್ಲಿ ಎಡಗೈಲಿ ಕೆತ್ತೋರು ಯಾರು?” ಎಲ್ಲರೂ ನೆಲ ನೋಡಿದೆವು. ಹಾಜರಿಗೆ ಸಹಿ ಕೇಳಿದರು. ಅಕ್ಕ ಬಲಗೈಯಲ್ಲಿ ಪೆನ್ ಹಿಡಿದಳು. ಅಕ್ಷರಗಳು ದಿಕ್ಕಾಪಾಲು.
“ಅವ್ಳಿಗೆ ಕೈ ನಡುಗುತ್ತೆ ಸಾರ್” ಎಂದುಬಿಟ್ಟೆ. ಯಾರೂ ಕೇಳಿರಲಿಲ್ಲ.

ಮಾರ್ಚ್ 19
ಆರು ದಿನ ಬರೆಯಲಿಲ್ಲ. ಕೈಗೆ ಬೇರೆ ಕೆಲಸವಿತ್ತು.
ವಕೀಲರು: “ನೋಡಮ್ಮ, ಕೆತ್ತಿದ್ದು ಒಬ್ರೇ ಅಂತ ಹೆಸರು ಹೇಳಿದ್ರೆ ಉಳಿದೋರು ಬಚಾವ್. ಇಲ್ಲಾಂದ್ರೆ ನಾಳೆ ಸ್ಟೇ ಹೋಗುತ್ತೆ.” ಹೆಸರು ಹೇಳಿಸಿಕೊಂಡವರಿಗೆ? “ಜೈಲೂ ಆಗ್ಬೋದು.”
ಅಕ್ಕನಿಗೆ ಹೇಳಿದೆ. “ನನ್ನ ಹೆಸರು ಹೇಳ್ಬಿಡೇ” ಎಂದಳು, ಉಪ್ಪು ತೆಗೆದುಕೊಡು ಎನ್ನುವ ಹಾಗೆ. ಸಿಟ್ಟು ಬಂತು. ಅಳುವೂ.

ಮಾರ್ಚ್ 20, ಬೆಳಗ್ಗೆ 7
ಹತ್ತಕ್ಕೆ ಕೋರ್ಟು. ಈ ಸಾಲುಗಳನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಎಂಟು ದಿನದ ಅಭ್ಯಾಸ, ಮೊದಲು ಉಳಿ, ಆಮೇಲೆ ಪೆನ್. ಸೊಟ್ಟ, ಆದರೆ ಓದಬಹುದು. ಕೋರ್ಟಿನಲ್ಲಿ ನನ್ನ ಹೆಸರೇ ಹೇಳುತ್ತೇನೆ. ಅರ್ಜಿಯಿಂದ ನನ್ನ ಹೆಸರು ಹೊಡೆದುಹಾಕಿದರೂ ಮೂವತ್ತೊಂಬತ್ತು ಉಳಿಯುತ್ತವೆ. ಅವುಗಳಲ್ಲಿ ಅಕ್ಕನದೂ ಒಂದು. ಭಯವಾಗುತ್ತಿದೆ. ಜಡ್ಜ್ ಎದುರು ಕೆತ್ತಿ ತೋರಿಸು ಅಂದರೂ ನನ್ನ ಕಚ್ಚು ಈಗ ಬಲಕ್ಕೇ ಇಳಿಯುತ್ತದೆ.
ಅಕ್ಕ ಬಾಗಿಲಿಗೆ ಬಂದಳು. ನನ್ನ ಎಡಗೈಯಲ್ಲಿ ಪೆನ್ ನೋಡಿದಳು. ಗೊತ್ತಾಗಿಹೋಯಿತು ಅವಳಿಗೆ—