ನಲವತ್ತೆರಡನೆಯ ದನಿ

ಕಪ್ಪತಗುಡ್ಡ, ಏಳನೆಯ ರೆಕ್ಕೆಯ ಕೆಳಗಿನ ದನಿಮನೆ
ಮೌನದ ತೊಂಬತ್ತೆಂಟನೆಯ ವರ್ಷ, ಹಿಂಗಾಳಿಯ ಹನ್ನೊಂದನೆಯ ದಿನ

ಜಯಶ್ರೀ ಕೊಣ್ಣೂರ ಅಕ್ಕಾವ್ರಿಗೆ ಫಕೀರವ್ವ ಮಾಡುವ ಶರಣು.

ಮೇಲಿನ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಎಲ್ಲ ಫೋನುಗಳೂ ಒಂದೇ ವಾರದಲ್ಲಿ ಸುಮ್ಮನಾದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ, ಅದಕ್ಕೇ ಅದು ಮೌನದ ವರ್ಷ. ಮುಂಗಾರು ತೀರಿ ಗಾಳಿ ಮೂಡಲಿಂದ ತಿರುಗಿ ಬೀಸುವ ತಿಂಗಳು ಹಿಂಗಾಳಿ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಾನು ಬರೆಯಲು ಕಲಿತದ್ದು ನಿಮ್ಮ ಕಾಲದ ಹಳೆಯ ಪಠ್ಯಪುಸ್ತಕಗಳಿಂದ, ಮಾತಾಡಲು ಕಲಿತದ್ದು ಗುಡ್ಡದ ಜನರಿಂದ. ಬಳಸದೆ ಎರಡಕ್ಕೂ ಈಗ ಜಂಗು ಹಿಡಿದಿದೆ. ನಿಮ್ಮನ್ನು ಏನೆಂದು ಕರೆಯಬೇಕೆಂದೂ ಬಹಳ ಯೋಚಿಸಿದೆ. ನೀವು ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಆದರೆ ಈ ಪತ್ರ ತಲುಪಬೇಕಾದ ದಿನ ನಿಮಗೆ ಮೂವತ್ತೂ ತುಂಬಿರಲಿಕ್ಕಿಲ್ಲ, ಇಲ್ಲಿ ನನಗೆ ಅರವತ್ತಮೂರು. ಅಕ್ಕಾವ್ರು ಎಂದರೆ ಎರಡಕ್ಕೂ ನಡೆಯುತ್ತದೆ. ಒಬ್ಬ ಮನುಷ್ಯನ ಕಾಲು ಗಂಟೆಯ ಮಾತು ನನಗೆ ಬೇಕಾಗಿದೆ. ಅದನ್ನು ಕೊಡಲು ಸಾಧ್ಯವಿರುವವರು ನೀವೊಬ್ಬರೇ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಹೆಸರು ನನಗೆ ಗೊತ್ತಾದದ್ದು ಡಬ್ಬಿಯ ಮುಚ್ಚಳದಿಂದ. ಗಾಳಿಯ ವೇಗ ಬರೆದಿಡಲೆಂದು ನೀವು ಈ ಕೋಣೆಯಲ್ಲಿ ಅಂಗೈಯಗಲದ ಒಂದು ಸಣ್ಣ ಕಂಪ್ಯೂಟರನ್ನು ಇಟ್ಟು ಹೋದಿರಲ್ಲ, ಅದನ್ನು ನಾವು ಹಲಗೆ ಎನ್ನುತ್ತೇವೆ. ಅದರ ಹೊಟ್ಟೆಗೆ ನೀವು ಚುಚ್ಚಿದ, ಉಗುರಿನಷ್ಟು ದೊಡ್ಡದಾದ ಮೆಮೊರಿ ಕಾರ್ಡಿಗೆ ಬಿಲ್ಲೆ ಎನ್ನುತ್ತೇವೆ. ಡಬ್ಬಿಯ ಮುಚ್ಚಳದ ಒಳಗೆ ನೀವು ಮಾಸದ ಮಸಿಯಲ್ಲಿ ಬರೆದದ್ದು ಇನ್ನೂ ಓದಲು ಬರುತ್ತದೆ: 'ದೊಡ್ಡ ಕಾರ್ಡನ್ನೇ ಹಾಕಿದ್ದೇನೆ. ಮುಂದೆ ಬರುವವರಿಗೆ ಜಾಗ ಕಡಿಮೆ ಬೀಳಬಾರದು.' ಕೆಳಗೆ ನಿಮ್ಮ ಹೆಸರು. ನಮ್ಮ ಏಳೂರಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದದ್ದೇ ಆ ಎರಡು ಸಾಲಿನಿಂದ. ಸುತ್ತಲಿನ ಊರುಗಳ ಬಿಲ್ಲೆಗಳೆಲ್ಲ ಎಂದೋ ಮೂಕವಾದವು, ನಮ್ಮದು ಹೇಗೆ ಉಳಿಯಿತೋ ನನಗೂ ಗೊತ್ತಿಲ್ಲ. ಗುಡ್ಡದ ಮೇಲೆ ನಿಮ್ಮ ಕಾಲದ ಜನ ಫ್ಯಾನು ಎನ್ನುತ್ತಿದ್ದ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ನಾವು ಅವನ್ನು ರೆಕ್ಕೆ ಎನ್ನುತ್ತೇವೆ. ಆರು ನಿಂತುಬಿಟ್ಟಿವೆ. ಏಳನೆಯದು ಮುದುಕನ ಹಾಗೆ ನರಳುತ್ತಾ ತಿರುಗುತ್ತದೆ, ಅದರ ಕರೆಂಟಿನಲ್ಲಿ ಹಲಗೆ ಉಸಿರಾಡುತ್ತದೆ.

ಮೌನ ಬಂದ ಮೇಲೆ ಗಾಳಿಯ ವೇಗ ಯಾರಿಗೂ ಬೇಕಾಗಲಿಲ್ಲ. ಮೊದಲ ಕಾವಲಗಿತ್ತಿ ಸೋಮಕ್ಕ ಅದನ್ನೆಲ್ಲ ಅಳಿಸಿ, ಬಿಲ್ಲೆಯಲ್ಲಿ ಸತ್ತವರ ದನಿ ಇಡಲು ಶುರುಮಾಡಿದಳು. ವಯಸ್ಸಾದವರು, ಕಾಯಿಲೆಯವರು ಗುಡ್ಡ ಹತ್ತಿ ಬಂದು ಮೈಕಿನ ಮುಂದೆ ಕಾಲು ಗಂಟೆ ಕೂತು ಮಾತಾಡಿ ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಮನೆಯವರು ಬಂದು ಕೇಳುತ್ತಿದ್ದರು. ಎಲ್ಲರೂ ದೊಡ್ಡ ದೊಡ್ಡ ಮಾತು ಹೇಳಿ ಸತ್ತರು ಅಂದುಕೊಳ್ಳಬೇಡಿ. ಒಬ್ಬಾಕೆ ಕಾಲು ಗಂಟೆಯೂ ಸೊಸೆಯ ರೊಟ್ಟಿ ದಪ್ಪವೆಂದೇ ಹೇಳಿದ್ದಾಳೆ. ಒಬ್ಬ ಗೌಡರು ಪಕ್ಕದ ಹೊಲದವನು ಬದು ಒತ್ತಿದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿ, ನಡುವೆ ನೀರು ಕುಡಿದು, ಮತ್ತೆ ಮೊದಲಿಂದ ಹೇಳಿದ್ದಾರೆ. ಆ ಸೊಸೆ ಪ್ರತಿ ಅಮಾವಾಸ್ಯೆಗೆ ಬಂದು ತನ್ನ ಅತ್ತೆಯ ಬೈಗುಳ ಕೇಳಿ ಕಣ್ಣೊರೆಸಿಕೊಂಡು ಹೋಗುತ್ತಿದ್ದಳು.

ಹಲಗೆಯನ್ನು ಜಾಗವೆಷ್ಟು ಎಂದು ಕೇಳಿದರೆ, ನೀವು ಜಿಬಿ ಎನ್ನುತ್ತಿದ್ದ ಅಳತೆಯಲ್ಲಿ ಎಂಟು ಎನ್ನುತ್ತಿತ್ತು. ಹಲಗೆ ತನಗೆಂದೇ ಹಿಡಿದಿಟ್ಟುಕೊಂಡದ್ದನ್ನು ಕಳೆದರೆ ಉಳಿಯುವುದು ನಲವತ್ತೊಂದು ದನಿಗೆ. ಬಿಲ್ಲೆಯ ಬೆನ್ನಿನ ಮೇಲೆ 512 ಎಂದು ಅಚ್ಚಾಗಿತ್ತು. ಬಸ್ಸಿಗೆ ನಂಬರಿದ್ದ ಹಾಗೆ ಬಿಲ್ಲೆಗೂ ಒಂದು ನಂಬರು ಎಂದುಕೊಂಡೆವು. ಒಳಗೇ ಕೂತ ಹಲಗೆ ಎಂಟು ಎನ್ನುವಾಗ ಹೊರಗಿನ ಅಚ್ಚನ್ನು ಯಾರು ಕೇಳುತ್ತಾರೆ? ನಲವತ್ತೊಂದು ದನಿಗೆ ಜಾಗ ಕೊಟ್ಟ ನಿಮ್ಮನ್ನು ನಾವು ಹೊಗಳುತ್ತಲೇ ಇದ್ದೆವು. ನಲವತ್ತೆರಡನೆಯವರು ದನಿ ಕೊಡಲು ಬಂದಾಗ ಎಲ್ಲಕ್ಕಿಂತ ಹಳೆಯ ದನಿ ಹೋಗಬೇಕು. ಅದಕ್ಕೆ ನಾವು ತೆರವು ಎನ್ನುತ್ತಿದ್ದೆವು. ಹೋಗುವ ದನಿಯ ಮನೆಯವರನ್ನು ಕರೆಸಿ, ಬುತ್ತಿ ಉಣ್ಣಿಸಿ, ಕೊನೆಯ ಸಲ ಕೇಳಿಸಿ, ಅವರೆದುರೇ ಅಳಿಸುವುದು. ಕರೆಯದೆ ಅಳಿಸಿದರೆ ಅದು ಕಳವು. ಆ ಗುಂಡಿ ಒತ್ತುವ ಕೈ ಕಾವಲಗಿತ್ತಿಯದು.

ಕಾವಲಗಿತ್ತಿಯಾದ ಈ ಮೂವತ್ತಮೂರು ವರ್ಷದಲ್ಲಿ ನನ್ನ ಕೈ ಇನ್ನೂರ ಹನ್ನೆರಡು ದನಿ ಅಳಿಸಿದೆ. ನನ್ನ ತಾಯಿಯದೂ ಅದರಲ್ಲಿ ಒಂದು. ಜನ ಅಳುತ್ತಿದ್ದರು, ಕಾಲು ಹಿಡಿಯುತ್ತಿದ್ದರು, ಒಬ್ಬ ನನ್ನ ಕೈ ಕಚ್ಚಿದ್ದಾನೆ, ಹೆಬ್ಬೆಟ್ಟಿನ ಬುಡದಲ್ಲಿ ಗುರುತು ಇನ್ನೂ ಇದೆ. ಹೊಸಬರಿಗೆ ಜಾಗ ಬಿಡಬೇಕಲ್ಲವೇ ಎಂದು ನಾನು ಎಲ್ಲರಿಗೂ ಗಟ್ಟಿ ದನಿಯಲ್ಲಿ ಹೇಳುತ್ತಿದ್ದೆ. ನಂಬಿಯೇ ಹೇಳುತ್ತಿದ್ದೆ ಅಕ್ಕಾವ್ರೆ. ಅಳಿಸಿದ ಜಾಗದ ಮೇಲೆಯೇ ಹೊಸದು ಬರೆಯುತ್ತಿದ್ದೆವಾದ್ದರಿಂದ ಹಳೆಯದು ಇನ್ನು ಯಾವ ಉಪಾಯಕ್ಕೂ ಸಿಗುವುದಿಲ್ಲ.

ಎಂಟು ವರ್ಷದ ಹಿಂದೆ ಏಳೂರಿನವರು ಊರು ಬಿಟ್ಟು, ನೀರು ಸಿಗುವ ಹೊಳೆಸಾಲಿಗೆ ಹೊರಟರು. ನನ್ನನ್ನೂ ಕರೆದರು. ದನಿ ಬಿಟ್ಟು ಬರಲಾರೆ ಎಂದೆ, ಗಾಡಿಯ ಕುಲುಕಾಟಕ್ಕೆ ಹಲಗೆ ಸತ್ತರೆ ಎಂಬ ಹೆದರಿಕೆಗೆ ಅವರೂ ಒತ್ತಾಯ ಮಾಡಲಿಲ್ಲ. ಮೊದಲೆರಡು ವರ್ಷ ಕೆಲವರು ಕೇಳಲು ಬಂದರು. ಆಮೇಲೆ ದಾರಿ ಉದ್ದವಾಯಿತು ಎಂದರು. ಉಳಿದವರು ನಾಲ್ಕೈದು ಮುದುಕರು, ಅವರಲ್ಲೂ ಕೊನೆಗೆ ಮೈಲಾರಣ್ಣ ಒಬ್ಬನೇ. ಅವನ ಹೆಂಡತಿ ಕಲ್ಲವ್ವ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಅವಳ ದನಿ ಬಿಲ್ಲೆಯಲ್ಲಿತ್ತು. ಅದಕ್ಕೇ ಅವನೂ ಹೋಗಲಿಲ್ಲ. ಕೆಳಗಿನ ಊರಿನಲ್ಲಿ ಖಾಲಿ ಮನೆಗಳ ನಡುವೆ ಒಂದು ಮನೆಯಲ್ಲಿ ಒಲೆ ಹಚ್ಚಿಕೊಂಡು ಇರುತ್ತಿದ್ದ, ದಿನಾ ಬೆಳಿಗ್ಗೆ ಮೊಣಕಾಲು ಹಿಡಿದುಕೊಂಡು ಗುಡ್ಡ ಹತ್ತುತ್ತಿದ್ದ. ಕಲ್ಲವ್ವ ಕಾಲು ಗಂಟೆ ಹೇಳಿರುವುದು ಗುರೆಳ್ಳು ಚಟ್ನಿ ಹೇಗೆ ಮಾಡಬೇಕೆಂಬುದನ್ನು. ಅದೂ ಅರ್ಧಕ್ಕೆ ನಿಂತಿದೆ, ಬೆಳ್ಳುಳ್ಳಿ ಎಷ್ಟು ಹಾಕಬೇಕೆಂದು ಹೇಳುವ ಹೊತ್ತಿಗೆ ಸಮಯ ಮುಗಿದಿದೆ. ದಿನಾ ಕೇಳಿ ಅವನು ದಿನಾ ನಗುತ್ತಿದ್ದ. ಆಮೇಲೆ ನನ್ನ ರೊಟ್ಟಿ ಉಂಡು, ಅದಕ್ಕೆ ಉಪ್ಪು ಕಡಿಮೆಯೆಂದು ಹೇಳಿ, ಬಿಸಿಲು ಏರುವ ಮೊದಲು ಇಳಿದು ಹೋಗುತ್ತಿದ್ದ. ನನಗೆ ಲೋಕವೆಂದರೆ ಅಷ್ಟೇ ಉಳಿದಿತ್ತು, ಅದು ಸಾಕಾಗಿತ್ತು.

ಈ ಬೇಸಿಗೆಯಲ್ಲಿ ಅವನ ಎದೆ ಕಟ್ಟತೊಡಗಿತು. ದನಿ ಕೊಡು ಎಂದು ನಾನು ಹಿಂದೆ ಬಿದ್ದೆ. ಅವನಿಗೆ ಲೆಕ್ಕ ಗೊತ್ತಿತ್ತು: ಸರದಿಯಲ್ಲಿ ಎಲ್ಲಕ್ಕಿಂತ ಹಳೆಯ ದನಿ ಈಗ ಕಲ್ಲವ್ವನದೇ. ಅವನದು ಒಳಗೆ ಬಂದರೆ ಅವಳು ಹೋಗಬೇಕು. ಸರದಿ ಮುರಿದು ಬೇರೆ ಯಾರದಾದರೂ ಅಳಿಸುತ್ತೇನೆ, ಹೊಳೆಸಾಲಿಗೆ ಹೋದವರಿಗೆ ಗೊತ್ತೂ ಆಗುವುದಿಲ್ಲ ಎಂದೆ. ಮೂವತ್ತಮೂರು ವರ್ಷದಲ್ಲಿ ನಾನು ಆಡಿದ ಮೊದಲ ಕಳ್ಳಮಾತು ಅದು. ಅವನು ಸಿಟ್ಟಾಗಲಿಲ್ಲ, ಬೇಡವೆಂದು ತಲೆಯಾಡಿಸಿದ. ಕೊನೆಗೆ, ಸರಿ, ಎಷ್ಟು ಹಿಡಿಯುತ್ತದೋ ಅಷ್ಟಾದರೂ ಮಾತಾಡು ಎಂದು ಮೈಕು ಹಚ್ಚಿದೆ. ಹಲಗೆ ಜಾಗವಿಲ್ಲವೆಂದಿತು. ಅವನು ಒಂದು ಸಲ ಕೆಮ್ಮುವಷ್ಟು ಜಾಗವೂ ಇರಲಿಲ್ಲ.

ಅವತ್ತು ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ನನ್ನ ದನಿ ಕೇಳಾಕ ಯಾರದಾರ ತಂಗಿ? ನೀ ಒಬ್ಬಾಕಿ. ನೀನಂತೂ ದಿನಾ ಕೇಳಾಕತ್ತೀ. ಆಕೀದು ಇರ್ಲಿ ಬಿಡು."

ಉಪ್ಪಿನ ಗಾಡಿಯ ದಾವಲಸಾಬ ವರ್ಷಕ್ಕೆ ಎರಡು ಸಲ ಗುಡ್ಡದ ಬುಡಕ್ಕೆ ಬರುತ್ತಾನೆ. ಎಲ್ಲಿಂದಾದರೂ ಇನ್ನೊಂದು ಬಿಲ್ಲೆ ತಂದುಕೊಡು ಎಂದು ಅವನಿಗೆ ಬೇಸಿಗೆಯಲ್ಲೇ ಹೇಳಿದ್ದೆ. ಅದು ಬಂದರೆ ಮೈಲಾರಣ್ಣನ ದನಿಗೆ ಯಾರನ್ನೂ ಅಳಿಸಬೇಕಾಗಿರಲಿಲ್ಲ. ಮಳೆಗಾಲ ಪೂರ್ತಿ ದಾರಿ ನೋಡಿದೆ. ಮಳೆ ನಿಂತ ವಾರ ಒಂದು ಬೆಳಿಗ್ಗೆ ಮೈಲಾರಣ್ಣ ಬರಲಿಲ್ಲ. ಹೊತ್ತು ಏರಿದ ಮೇಲೆ ನಾನೇ ಇಳಿದು ಹೋದೆ. ಒಲೆಯ ಮುಂದೆ ಗೋಡೆಗೆ ಒರಗಿ ಕೂತಿದ್ದ, ಮೈ ತಣ್ಣಗಾಗಿತ್ತು. ಹೊರಲು ಜನರಿಲ್ಲದ್ದರಿಂದ ಅವನ ಹಿತ್ತಲಲ್ಲೇ ಕುಣಿ ತೋಡಿದೆ. ಎರಡು ದಿನ ಹಿಡಿಯಿತು. ಕಲ್ಲವ್ವನ ದನಿಯನ್ನು ಕೆಳಗೆ ತಂದು ಕೇಳಿಸಲು ಆಗಲಿಲ್ಲವಲ್ಲ ಎಂದು ಮಣ್ಣು ಎಳೆಯುವಾಗ ಬಹಳ ಸಂಕಟವಾಯಿತು.

ದಾವಲಸಾಬ ಬಂದದ್ದು ಅದಾದ ಹತ್ತೊಂಬತ್ತನೆಯ ದಿನ. ಯಾವುದೋ ಮುಚ್ಚಿದ ಅಂಗಡಿಯ ಬುಡದಿಂದ ತೆಗೆದ ಬಿಲ್ಲೆ ತಂದಿದ್ದ, ಅದರ ಬೆನ್ನಿನ ಮೇಲೆ 64 ಎಂದಿತ್ತು. ತೆಗೆದುಕೊಂಡೆ. ಇನ್ನು ಹೊಸ ದನಿ ಬರುವುದಿಲ್ಲ, ಇದ್ದ ನಲವತ್ತೊಂದಕ್ಕಾದರೂ ಒಂದು ನಕಲು ಇರಲೆಂದು ಮಾರನೆಯ ಬೆಳಿಗ್ಗೆ ರೊಟ್ಟಿ ತಟ್ಟುವ ಮೊದಲು ಹಲಗೆಗೆ ಹೇಳಿದೆ: ಈ ಬಿಲ್ಲೆಯಲ್ಲಿರುವುದನ್ನು ಇದ್ದ ಹಾಗೆ, ಮೊದಲಿಂದ ಕೊನೆಯವರೆಗೆ, ಆ ಬಿಲ್ಲೆಗೆ ಬರೆ. ಹೊಸ ಬಿಲ್ಲೆಯಲ್ಲಿ ಜಾಗವೆಷ್ಟು ಎಂದು ಕೇಳಿದಾಗ ಹಲಗೆ ಅರವತ್ತನಾಲ್ಕರ ಹತ್ತಿರ ಹೇಳಿತ್ತು. ಬೆನ್ನಿನ ಅಚ್ಚಿಗೂ ಒಳಗಿನ ಅಳತೆಗೂ ತಾಳೆಯಾದದ್ದನ್ನು ಕಂಡೂ ನನಗೆ ಹೊಳೆಯಲಿಲ್ಲ. ಹಳೆಯದು ಎಂಟರಷ್ಟು ಜಾಗದ ಬಿಲ್ಲೆ, ಹೊಸದರ ಒಂದು ಮೂಲೆಯಲ್ಲಿ ಹಿಡಿದುಬಿಡುತ್ತದೆ ಎಂದುಕೊಂಡೆ. ರೊಟ್ಟಿಯಾಯಿತು, ಊಟವಾಯಿತು, ನಕಲು ನಡೆದೇ ಇತ್ತು. ಮಧ್ಯಾಹ್ನ ನಿಂತಿತು. ಹೊಸ ಬಿಲ್ಲೆ ತುಂಬಿತು, ಹಳೆಯದರಲ್ಲಿ ಇನ್ನೂ ಉಳಿದಿದೆ, ಜಾಗ ಸಾಲದು ಎಂದು ಬರೆದಿತ್ತು.

ಎಂಟು ಸೇರಿನ ಪಾತ್ರೆಯದನ್ನು ಅರವತ್ತನಾಲ್ಕು ಸೇರಿನ ಪಾತ್ರೆಗೆ ಸುರಿದರೆ ಉಕ್ಕುವುದು ಹೇಗೆ? ನಾನು ಹಲಗೆ ಕೆಟ್ಟಿತೆಂದು ತಿಳಿದೆ. ಮತ್ತೆ ಹಚ್ಚಿದೆ, ಮತ್ತೆ ಅದೇ. ಆಗ ಹಳೆಯ ಬಿಲ್ಲೆಯನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದೆ. 512. ಅದು ನಂಬರಲ್ಲ, ಅಳತೆ.

ನಾಲ್ಕು ಆಜ್ಞೆ ಬಿಟ್ಟು ಬೇರೇನೂ ಮುಟ್ಟಬಾರದೆಂದು ಸೋಮಕ್ಕ ಕಟ್ಟಳೆ ಮಾಡಿದ್ದಳು. ಅದನ್ನು ಮುರಿದು ಹಲಗೆಯ ಸೆಟ್ಟಿಂಗುಗಳನ್ನು ಮೂರು ದಿನ ಒಂದೊಂದಾಗಿ ಓದಿದೆ. ಅಲ್ಲಿತ್ತು. ನೀವು ಗಾಳಿಯ ಲೆಕ್ಕ ಬರೆಯುವ ಪ್ರೋಗ್ರಾಮನ್ನು ಮೊದಲೇ ಸಿದ್ಧವಿದ್ದ ಒಂದು ನಕಲಿನಿಂದ ಬಿಲ್ಲೆಗೆ ಇಳಿಸಿದ್ದಿರಿ, ಆ ನಕಲು ಎಂಟು ಜಿಬಿಯ ಬಿಲ್ಲೆಗೆಂದು ಮಾಡಿದ್ದು. ದೊಡ್ಡ ಬಿಲ್ಲೆಯ ಮೊದಲ ಎಂಟರಲ್ಲಿ ಅದು ಕೂತಿತು, ಉಳಿದದ್ದಕ್ಕೆ ಗೋಡೆ ಬಿತ್ತು. ಹಲಗೆಗೆ ಗೋಡೆಯಾಚೆಗಿನದು ಕಾಣುವುದಿಲ್ಲ. ಆ ಗೋಡೆಯನ್ನು ಹಿಂದಕ್ಕೆ ಸರಿಸುವ ಆಜ್ಞೆ ಮೊದಲ ದಿನವೇ ಕೊಡಬೇಕಾಗಿತ್ತು. ಮೂರು ಗುಂಡಿ, ಒಂದು ಸಲ ಆರಿಸಿ ಹಚ್ಚುವುದು. ನಾನು ಒತ್ತಿದೆ. ಹಲಗೆ ಎದ್ದು ಜಾಗದ ಲೆಕ್ಕ ಹೇಳಿತು: ಇನ್ನೂ ಆರು ಸಾವಿರದ ಏಳುನೂರು ದನಿ ಹಿಡಿಯುತ್ತದೆ.

ಮೌನ ಬಂದಂದಿನಿಂದ ನಮ್ಮ ಏಳೂರಿನಲ್ಲಿ ದನಿ ಕೊಟ್ಟವರು ಒಟ್ಟು ಏಳುನೂರೂ ಇಲ್ಲ. ಎಲ್ಲರೂ ಹಿಡಿಯುತ್ತಿದ್ದರು. ನನ್ನ ತಾಯಿ ಹಿಡಿಯುತ್ತಿದ್ದಳು. ನನ್ನ ಕೈ ಕಚ್ಚಿದವನ ಮಗಳು ಹಿಡಿಯುತ್ತಿದ್ದಳು. ಅವರೆಲ್ಲರ ಮನೆಯವರ ಮುಂದೆ ನಾನು ಗಟ್ಟಿ ದನಿಯಲ್ಲಿ ಹೇಳಿದ ಮಾತು ನೆನಪಾಗಿ ನೆಲದ ಮೇಲೆ ಬಿದ್ದು ಅತ್ತೆ. ಕೇಳುವವರಿಲ್ಲದ್ದರಿಂದ ಬಾಯಿ ಬಿಟ್ಟೇ ಅತ್ತೆ. ನಿಮ್ಮ ಮೇಲೆ ಬಹಳ ಸಿಟ್ಟು ಬಂತು ಅಕ್ಕಾವ್ರೆ, ಸುಳ್ಳು ಹೇಳುವುದಿಲ್ಲ. ಕೆಳಗೆ ಜೀಪು ಕಾಯುತ್ತಿತ್ತೇ? ಗಾಳಿಗೆ ಕಣ್ಣಲ್ಲಿ ಮಣ್ಣು ಬಿತ್ತೇ? ಗಾಳಿಯ ಲೆಕ್ಕಕ್ಕೆ ಎಂಟೇ ಸಾಕು, ಉಳಿದದ್ದನ್ನು ಮುಂದಿನ ಸಲ ನೋಡೋಣ ಎಂದಿರೇ? ಮುಂದಿನ ಸಲ ನೀವು ಬರಲೇ ಇಲ್ಲ. ಆದರೆ ನಿಮ್ಮ ಸ್ವಂತ ಖುಷಿಯಿಂದ ದೊಡ್ಡ ಬಿಲ್ಲೆ ತಂದವರೂ ನೀವೇ. ಅಂಥವರ ಮೇಲೆ ಸಿಟ್ಟು ಹೆಚ್ಚು ದಿನ ನಿಲ್ಲುವುದಿಲ್ಲ. ಕಟ್ಟಳೆಯ ಹೆಸರಿನಲ್ಲಿ ಮೂವತ್ತಮೂರು ವರ್ಷ ಏನನ್ನೂ ತೆರೆದು ನೋಡದ ನನ್ನ ಮೇಲಿನದು ಮಾತ್ರ ಹಾಗೇ ಉಳಿದಿದೆ.

ನಿನ್ನೆ ನಲವತ್ತೆರಡನೆಯ ಜಾಗದಲ್ಲಿ ಮೈಲಾರಣ್ಣನ ಹೆಸರು ಬರೆದು ಮೈಕಿನ ಮುಂದೆ ಕೂತೆ. ಅವನ ಮೊಣಕಾಲು, ಅವನ ನಗು, ಅವನು ಉಪ್ಪಿಗೆ ಮಾಡುತ್ತಿದ್ದ ತಕರಾರು ಎಲ್ಲ ಹೇಳಿದೆ. ಆಮೇಲೆ ಹಾಕಿ ಕೇಳಿದೆ. ಎಲ್ಲ ಸರಿಯಾಗಿಯೇ ಇದೆ, ಆದರೆ ಮಾತಾಡುತ್ತಿರುವವಳು ನಾನು. ಅದನ್ನು ಅಳಿಸಲಿಲ್ಲ. ಇನ್ನು ಮೇಲೆ ಏನನ್ನೂ ಅಳಿಸಲಾರೆ.

ಈ ಪತ್ರ ಹಿಂದಕ್ಕೆ ಹೋಗುವ ದಾರಿ ನನಗೆ ಗೊತ್ತಿಲ್ಲ. ಗೋಡೆಯಾಚೆಗೆ ತೆರೆದ ಜಾಗದಲ್ಲಿ, ಆ ನಲವತ್ತೆರಡನೆಯದರ ಪಕ್ಕದಲ್ಲೇ ಇಡುತ್ತಿದ್ದೇನೆ. ಹೇಗಾದರೂ ತಲುಪಿದರೆ, ದಯವಿಟ್ಟು ಜೀಪು ಹತ್ತಬೇಡಿ. ಹಸಿರು ದೀಪ ಮಿನುಗಿತೆಂದು ಮುಚ್ಚಳ ಹಾಕಬೇಡಿ. ಒಳಗೆ ಹೋಗಿ, ಜಾಗ ಪೂರ್ತಿ ಕಾಣುತ್ತದೆಯೇ ನೋಡಿ, ಆ ಮೂರು ಗುಂಡಿ ಒತ್ತಿ. ಆಗ ಈ ಬೇಸಿಗೆಯಲ್ಲಿ ಮೈಲಾರಣ್ಣ ಇಲ್ಲಿ ಕಾಲು ಗಂಟೆ ಕೂತು ಮಾತಾಡುತ್ತಾನೆ. ನನ್ನ ರೊಟ್ಟಿಯನ್ನೇ ಬೈಯಲಿ, ಬೇಕಾದರೆ ಬರೀ ಕೆಮ್ಮಲಿ. ಬೆಳಿಗ್ಗೆಯಾದರೆ ಈ ಕೋಣೆಯಲ್ಲಿ ಕಲ್ಲವ್ವ ಒಬ್ಬಳೇ ಚಟ್ನಿಯ ಮಾತು ಹೇಳುತ್ತಾಳೆ, ನಗುವವರಿಲ್ಲ. ನಾನು ಕೂತು ಕೇಳುತ್ತೇನೆ, ನನಗೆ ನಗು ಬರುವುದಿಲ್ಲ.

ಇಂತಿ,
ಫಕೀರವ್ವ