ಹಾಲು ಉಕ್ಕಿಸದ ಮನೆ

ದೇವನಹಳ್ಳಿ ಕೋಟೆ
೧೨ ಫೆಬ್ರವರಿ ೧೯೪೭

ಸೌಭಾಗ್ಯವತಿ ಮುತ್ಯಾಲಮ್ಮನಿಗೆ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ. ನಿನ್ನನ್ನು ಕೇಳದೆ ನಿನ್ನ ಕೊರಳ ಅಡ್ಡಿಕೆ ಮಾರಿ ಕೊಂಡ ಮನೆಗೆ, ನೀನು ತವರಿಗೆ ಹೋದ ಮೇಲೆ ಸುಣ್ಣ ಬಳಿಸಿದೆ. ಬಾಡಿಗೆಗೆ ಕೊಡುವ ಮನೆಯಾದರೂ ಒಲೆಯನ್ನು ನೀನು ಹೇಳುತ್ತಿದ್ದಂತೆ ಕಿಟಕಿಯ ಕೆಳಗೇ ಹಾಕಿಸಿದ್ದೇನೆ.

ಯಜಮಾನಿ ಹಾಲು ಉಕ್ಕಿಸದ ಮನೆಗೆ ಯಾರೂ ಬಾಡಿಗೆಗೆ ಬರುವುದಿಲ್ಲ. ಪಕ್ಕದ ಮನೆಯ ಲಕ್ಕಮ್ಮನವರು, "ನಾನೇ ಉಕ್ಕಿಸ್ಕೊಡ್ತೀನಿ ಬಿಡಪ್ಪ" ಅಂದರು. ಬೇಡವೆಂದೆ. ನೀನು ಒಂದು ದಿನದ ಮಟ್ಟಿಗೆ ಬಂದರೆ ಸಾಕು. ಸಂಜೆಯ ಬಸ್ಸಿಗೆ ನಾನೇ ಹತ್ತಿಸುತ್ತೇನೆ.

ಮೊನ್ನೆ ಮೇಷ್ಟರೊಬ್ಬರು ಮನೆ ಕೇಳಿಕೊಂಡು ಬಂದಿದ್ದರು. "ಹಾಲು ಉಕ್ಕಿಸ್ದಿದ್ರೂ ಚಿಂತೆಯಿಲ್ಲ, ಇವತ್ತೇ ಬರ್ತೀನಿ" ಅಂದರು. ಮನೆ ಖಾಲಿಯಿಲ್ಲವೆಂದು ಹೇಳಿ ಕಳುಹಿಸಿದೆ.

ಬರುವ ದಿನ ತಿಳಿಸಿದರೆ ಹಾಲಿಗೆ ಹೇಳಿಡುತ್ತೇನೆ.

ಇತಿ,
ಕೊಂಡಪ್ಪ